ಮೂರನೆಯ ಅಂಕಣ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಾಸವಾಗಿರುವ ಹಿರಿಯರೊಬ್ಬರು, ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಿರ್ದಿ ಬರೆದು, ಒಂದು ರೂಪಾಯಿಯ ವ್ಯತ್ಯಾಸವನ್ನು ಹುಡುಕುವುದಕ್ಕಾಗಿ ರಾತ್ರಿ ಹತ್ತರವರೆಗೆ ದೀಪ ಉರಿಸಿಕೊಂಡು ಕುಳಿತು, ಕಡೆಗೊಂದು ದಿನ ಶಾಲು ಹಾರಗಳೊಡನೆ ಬೀಳ್ಕೊಡುಗೆ ಪಡೆದು ಮನೆಗೆ ಬಂದವರು, ಈಚೆಗೆ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯಪುಟವನ್ನು ವ್ರತದಂತೆ ಓದತೊಡಗಿದ್ದಾರೆ. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಬಡ್ಡಿಯಿಂದ ಜೀವನ ಸಾಗಿಸುತ್ತಿರುವ ಅವರಿಗೆ, ಆ ಬಡ್ಡಿ ಏರುವುದಕ್ಕೂ ಇಳಿಯುವುದಕ್ಕೂ ಕಾರಣವೇನೆಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿ ತೃಪ್ತಿಪಡುವುದು ಸಾಧ್ಯವಾಗಲಿಲ್ಲ; ಜೀವಮಾನವೆಲ್ಲ ಲೆಕ್ಕವನ್ನು ತಾವೇ ತಾಳೆನೋಡಿದವರಿಗೆ ಅದು ಸಹಜವಾದ ಚಪಲವೇ ಸರಿ.

ಒಂದು ಬೆಳಗ್ಗೆ ಅವರು ನಮ್ಮ ಜಗಲಿಗೆ ಬಂದು ಕುಳಿತು, ಕಂಕುಳಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಬಿಡಿಸಿದರು. ಹಾಳೆಯ ನಡುವೆ ಕೆಂಪು ಶಾಯಿಯಲ್ಲಿ ಅಡಿಕೋಲಿಟ್ಟು ಗೆರೆಯೆಳೆದು ಎರಡು ಅಂಕಣ ಮಾಡಿದ್ದರು: ಎಡಗಡೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದ, ಬಲಗಡೆ ನಿಘಂಟಿನಿಂದ ತೆಗೆದ ಅರ್ಥ. ಹಾಕ್, ಗಿಡುಗ. ಡವ್, ಪಾರಿವಾಳ. ಹೇರ್‌ಕಟ್, ಕ್ಷೌರ. ಟೇಪರ್, ಸಪೂರವಾದ ಮೇಣದಬತ್ತಿ. ಹೆಡ್‌ವಿಂಡ್, ಎದುರುಗಾಳಿ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಒಂದು ಅರ್ಥವೂ ತಪ್ಪಾಗಿರಲಿಲ್ಲ.

“ಸ್ವಾಮಿ, ಪದಪದಕ್ಕೂ ಅರ್ಥ ಸಿಕ್ಕಿತು, ವಾಕ್ಯಕ್ಕೆ ಮಾತ್ರ ಸಿಕ್ಕಲಿಲ್ಲ. ಗಿಡುಗವೊಂದು ಎದುರುಗಾಳಿಯಲ್ಲಿ ಕೂತು ಕ್ಷೌರ ಮಾಡಿಸಿಕೊಂಡಿತು ಅಂತ ಓದಿದ ಹಾಗಾಗುತ್ತೆ. ಇದಕ್ಕೂ ನನ್ನ ಬಡ್ಡಿಗೂ ಏನು ಸಂಬಂಧ?” ಎಂದು ಅವರು ಕೇಳಿದರು.

ಈ ಪ್ರಶ್ನೆಯು ಆ ಹಿರಿಯರೊಬ್ಬರದೇ ಅಲ್ಲ. ವಾಣಿಜ್ಯ ಪದವಿಗಾಗಿ ಓದುತ್ತಿರುವ ಕನ್ನಡ ಮಾಧ್ಯಮದ ಹುಡುಗನದೂ, ಷೇರುಪೇಟೆಯಲ್ಲಿ ನಾಲ್ಕು ಕಾಸು ಹಾಕಿರುವ ಗೃಹಿಣಿಯದೂ, ಬೆಲೆ ಯಾವಾಗ ಕುಸಿಯುವುದೋ ಎಂದು ಗೋಣಿಚೀಲದ ಮೇಲೆ ಕೈಯಿಟ್ಟು ಕುಳಿತಿರುವ ಬೆಳೆಗಾರನದೂ ಹೌದು. ಇದಕ್ಕೆ ಉತ್ತರವನ್ನು ಹುಡುಕುವವನಿಗೆ ನಮ್ಮ ಭಾಷೆಯೇ ಒಂದು ಸೂಚನೆಯನ್ನು ಕೊಟ್ಟಿದೆ. ‘ಅರ್ಥ’ವೆಂದರೆ ನಮ್ಮಲ್ಲಿ ಪದದ ತಾತ್ಪರ್ಯವೂ ಹೌದು, ಹಣವೂ ಹೌದು. ಆರ್ಥಿಕ ವಾರ್ತೆಯ ಇಂಗ್ಲಿಷಿನ ಮಟ್ಟಿಗಂತೂ ಈ ಎರಡು ಅರ್ಥಗಳು ಒಂದನ್ನೊಂದು ಬಿಟ್ಟಿರಲಾರವು. ಒಂದು ಪದದ ಬೆನ್ನಹಿಂದೆ ಹಣವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಕಾಣುವತನಕ ಅದರ ತಾತ್ಪರ್ಯವು ನಮಗೆ ದಕ್ಕಿತೆಂದು ಹೇಳುವ ಹಾಗಿಲ್ಲ. ಆದುದರಿಂದ ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟೆ: “ರಾಯರೆ, ಇನ್ನೊಂದು ಗೆರೆ ಎಳೆಯಿರಿ. ಮೂರನೆಯ ಅಂಕಣದಲ್ಲಿ ಯಾರಿಗೆ ಜಮಾ, ಯಾರಿಗೆ ಖರ್ಚು ಎಂದು ಬರೆಯಿರಿ.”

ಇಷ್ಟೆಲ್ಲ ಶ್ರಮವಾದರೂ ಏತಕ್ಕೆ, ಕನ್ನಡ ಪತ್ರಿಕೆಯನ್ನು ಓದಿದರೆ ಸಾಲದೆ ಎಂದು ಕೇಳುವವರುಂಟು. ಸಾಲುವಂತಿದ್ದರೆ ಚೆನ್ನಾಗಿತ್ತು. ನಮ್ಮ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯ ನಡುವೆ ಕನ್ನಡಕ್ಕೂ ಒಂದು ಸಾಲುಂಟು. ಆದರೆ ಆ ನೋಟಿನ ಬೆಲೆಯನ್ನು ಕಾಯುವ ರಿಸರ್ವ್ ಬ್ಯಾಂಕಿನ ನೀತಿಪ್ರಕಟಣೆಗಳು ಹೊರಬೀಳುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ನೂರು ರೂಪಾಯಿ ಎಂಬುದನ್ನು ಕನ್ನಡದಲ್ಲಿ ಹೇಳಿಸಿಕೊಂಡವನು, ಆ ನೂರು ರೂಪಾಯಿಗೆ ಹೋದ ವರ್ಷದಷ್ಟು ಬೇಳೆ ಈ ವರ್ಷ ಏಕೆ ಬರುವುದಿಲ್ಲವೆಂಬುದನ್ನು ಮಾತ್ರ ಪರಭಾಷೆಯಿಂದ ತಿಳಿಯಬೇಕಾಗಿದೆ. ಕನ್ನಡದ ವಾಣಿಜ್ಯಪುಟವು ಇದನ್ನೇ ರಾತ್ರೋರಾತ್ರಿ ಅನುವಾದಿಸಿಕೊಡುತ್ತದೆ. ಅವಸರದ ಅನುವಾದದಲ್ಲಿ ಗಿಡುಗವು ಗಿಡುಗವಾಗಿಯೇ ಉಳಿಯುವುದು ಆಶ್ಚರ್ಯವಲ್ಲ.

ಇಂತಹ ಒಂದು ಪದವು ಎಷ್ಟು ದೂರದಿಂದ ಬಂದು ನಮ್ಮ ಮನೆಯ ಕದವನ್ನು ತಟ್ಟಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. 2013ನೆಯ ಇಸವಿ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಂದಿನ ಅಧ್ಯಕ್ಷರಾದ ಬೆನ್ ಬರ್ನಾಂಕೆಯವರು, ಶಾಸಕರ ಸಮಿತಿಯೊಂದರ ಮುಂದೆ ಪ್ರಶ್ನೆಗೆ ಉತ್ತರಕೊಡುತ್ತ, ತಿಂಗಳಿಗೆ 8500 ಕೋಟಿ ಡಾಲರುಗಳಂತೆ ತಮ್ಮ ಸಂಸ್ಥೆಯು ಮಾಡುತ್ತಿದ್ದ ಸಾಲಪತ್ರಗಳ ಖರೀದಿಯನ್ನು ಮುಂದಿನ ಕೆಲವು ಸಭೆಗಳಲ್ಲಿ ತಗ್ಗಿಸಿದರೂ ತಗ್ಗಿಸಬಹುದೆಂಬ ಅಭಿಪ್ರಾಯದ ಮಾತನಾಡಿದರು. ಮೇಣದಬತ್ತಿಯು ತುದಿಗೆ ಹೋದಂತೆ ಸಪೂರವಾಗುವ ಹಾಗೆ ಖರೀದಿಯು ಕ್ರಮಕ್ರಮವಾಗಿ ಕ್ಷೀಣಿಸುವುದಕ್ಕೆ ಟೇಪರಿಂಗ್ ಎಂಬ ಹೆಸರು ಎಲ್ಲ ಪತ್ರಿಕೆಗಳಲ್ಲಿಯೂ ಹಬ್ಬಿತು. ಅದನ್ನು ಕೇಳಿ ಪೇಟೆಗಳು ಹೂಡಿದ ರಂಪಕ್ಕೆ ಟೇಪರ್ ಟ್ಯಾಂಟ್ರಮ್ ಎಂದು, ಹಟಮಾರಿ ಮಗುವಿನ ರೋದನವನ್ನು ನೆನಪಿಸುವ ಹೆಸರಾಯಿತು. ಆಗ ಡಾಲರಿಗೆ 55–56 ರೂಪಾಯಿಗಳಷ್ಟಿದ್ದ ವಿನಿಮಯದರವು ಆಗಸ್ಟ್ 28ರ ವೇಳೆಗೆ 68ನ್ನು ದಾಟಿತು. ದೋಷವೆಲ್ಲವೂ ಆ ಒಂದು ಮಾತಿನದಲ್ಲ. ಹಿಂದಿನ ಆರ್ಥಿಕ ವರ್ಷದಲ್ಲಿ ನಮ್ಮ ಚಾಲ್ತಿ ಖಾತೆಯ ಕೊರತೆಯು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 4.8ರಷ್ಟಕ್ಕೆ ಏರಿದ್ದುದರಿಂದ ಮನೆಯ ಗೋಡೆ ಮೊದಲೇ ನೆನೆದಿತ್ತು, ಮಳೆ ಬಂದುದು ಆಮೇಲೆ. ಆದರೂ ಪರದೇಶದಲ್ಲಿ ಓದುತ್ತಿದ್ದ ಮಗಳಿಗೆ ಡಾಲರಿನಲ್ಲಿ ಶುಲ್ಕ ಕಟ್ಟಬೇಕಾಗಿದ್ದ ನಮ್ಮೂರ ತಂದೆಗೆ, ಆ ವರ್ಷ ಟೇಪರ್ ಎಂಬ ಪದದ ಅರ್ಥವು ನಿಘಂಟಿನಲ್ಲಿರಲಿಲ್ಲ, ಬ್ಯಾಂಕಿನ ಚಲನ್ನಿನಲ್ಲಿತ್ತು.

ಈ ಭಾಷೆಯು ನಮ್ಮ ನಾಡಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಬಜೆಟ್ ಎಂಬುದು ಮೂಲದಲ್ಲಿ ಸಣ್ಣ ತೊಗಲಿನ ಚೀಲಕ್ಕೆ ಫ್ರೆಂಚರು ಇಟ್ಟಿದ್ದ ಹೆಸರು. ಬ್ಯಾಂಕ್ ಎಂಬುದು ಇಟಲಿಯ ನಾಣ್ಯವಿನಿಮಯದವರು ಸಂತೆಯಲ್ಲಿ ಹಾಕಿಕೊಳ್ಳುತ್ತಿದ್ದ ಮಣೆಯ ಹೆಸರು. 1860ರಲ್ಲಿ ಭಾರತದ ಮೊದಲ ಬಜೆಟ್ಟನ್ನು ಮಂಡಿಸಿ, ಆದಾಯ ತೆರಿಗೆಯೆಂಬ ಹೊಸ ಅತಿಥಿಯನ್ನು ನಮಗೆ ಪರಿಚಯಿಸಿದ ಜೇಮ್ಸ್ ವಿಲ್ಸನ್ ಎಂಬಾತನು ಅದಕ್ಕೆ ಮೊದಲು ಪತ್ರಕರ್ತನಾಗಿದ್ದವನು. 1843ರಲ್ಲಿ ಲಂಡನ್ನಿನಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದವನು ಅವನೇ. ಬಜೆಟ್ಟನ್ನು ಓದಿದ ವರ್ಷವೇ ಆತನು ಕಲ್ಕತ್ತೆಯಲ್ಲಿ ಆಮಶಂಕೆಯಿಂದ ತೀರಿಕೊಂಡನಾದರೂ, ಬಜೆಟ್ಟೂ ತೆರಿಗೆಯೂ ಇಲ್ಲಿಯೇ ಉಳಿದವು. ಆರ್ಥಿಕ ವ್ಯಾಖ್ಯಾನದ ಭಾಷೆಯನ್ನು ಲಂಡನ್ನಿನಲ್ಲಿ ಹದಗೊಳಿಸಿದವನೇ ನಮ್ಮ ಸರ್ಕಾರದ ಲೆಕ್ಕದ ಭಾಷೆಗೂ ಮೊದಲ ಅಕ್ಷರ ಹಾಕಿದನೆಂಬುದನ್ನು ನೆನೆದರೆ, ಅವೆರಡೂ ಇಂದಿಗೂ ಒಂದೇ ಧಾಟಿಯಲ್ಲಿ ಮಾತನಾಡುವುದೇಕೆಂಬುದು ತಿಳಿಯುತ್ತದೆ. 2019ರ ಜುಲೈಯಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ತೊಗಲಿನ ಪೆಟ್ಟಿಗೆಯನ್ನು ಬಿಟ್ಟು ಕೆಂಪು ವಸ್ತ್ರದಲ್ಲಿ ಸುತ್ತಿದ ವಹಿಯನ್ನು ಹಿಡಿದು ಸಂಸತ್ತಿಗೆ ಬಂದರು. ಚೀಲ ಬದಲಾಯಿತು, ಒಳಗಿದ್ದ ಮಾತು ಬದಲಾಯಿತೆಂದು ಹೇಳಲಾರೆ.

ಹಾಗೆಂದು ಪರಭಾಷೆಯ ಪದವನ್ನು ಕಂಡೊಡನೆ ಬಾಗಿಲು ಮುಚ್ಚಬೇಕೆಂಬ ವಾದಕ್ಕೆ ನನ್ನ ಸಮ್ಮತಿಯಿಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘವು ಹುಟ್ಟಿದ ಮೇಲೆ ಸೊಸೈಟಿ, ಷೇರು ಎಂಬ ಪದಗಳು ನಮ್ಮ ಹಳ್ಳಿಗಳಲ್ಲಿ ಯಾವ ನಿಘಂಟಿನ ಹಂಗೂ ಇಲ್ಲದೆ ಬೇರುಬಿಟ್ಟವು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟನ್ನೂ ಸಂಗ್ರಹಿಸುವ ಠೇವಣಿಯನ್ನು ಏರ್ಪಡಿಸಿ ಅದಕ್ಕೆ ಪಿಗ್ಮಿ ಎಂದು ಹೆಸರಿಟ್ಟರು. ಕುಳ್ಳನೆಂಬ ಆ ಪದದ ಮೂಲಾರ್ಥವನ್ನು ತಿಳಿದವರು ನಮ್ಮ ಅಂಗಡಿಬೀದಿಗಳಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ಆದರೆ ಸಂಜೆ ಹೊತ್ತಿಗೆ ಚೀಲ ನೇತುಹಾಕಿಕೊಂಡು ಬರುವ ಪಿಗ್ಮಿ ಏಜೆಂಟನನ್ನು ತಿಳಿಯದ ಬೀಡಾ ಅಂಗಡಿಯವನಿಲ್ಲ, ಹೂವಾಡಗಿತ್ತಿಯಿಲ್ಲ. ಈ ಪದಗಳು ನಮಗೆ ದಕ್ಕಿದ್ದೇಕೆ? ಅವು ಹಣದ ಜೊತೆಯಲ್ಲಿ ಬಂದವು, ಪಾಸ್‌ಬುಕ್ಕಿನಲ್ಲಿ ಕುಳಿತವು, ಮಗಳ ಮದುವೆಯ ಕಾಲಕ್ಕೆ ಕೈಗೆ ಒದಗಿದವು. ಅವುಗಳ ಮೂರನೆಯ ಅಂಕಣವು ಮೊದಲೇ ಭರ್ತಿಯಾಗಿತ್ತು.

ಇಂದು ನಾವು ಕಲಿಯಬೇಕಾಗಿರುವ ಪದಗಳಿಗೂ ಅದೇ ಉಪಾಯ ಸಲ್ಲುತ್ತದೆ. ಅಳತೆಯ ಪದಗಳನ್ನು ತೆಗೆದುಕೊಳ್ಳಿ. ಬೇಸಿಸ್ ಪಾಯಿಂಟ್ ಎಂದರೆ ಶೇಕಡಾ ಒಂದರ ನೂರನೆಯ ಒಂದು ಭಾಗ. ಕನ್ನಡದಲ್ಲಿ ಮೂಲಾಂಶವೆಂಬ ಒಳ್ಳೆಯ ಪದ ಬಳಕೆಗೆ ಬಂದಿದೆ. ಇಪ್ಪತ್ತೈದು ಮೂಲಾಂಶವೆಂದರೆ ನೂರು ರೂಪಾಯಿಗೆ ವರ್ಷಕ್ಕೆ ಇಪ್ಪತ್ತೈದು ಪೈಸೆ. ಹತ್ತು ಲಕ್ಷಕ್ಕೆ ಎರಡು ಸಾವಿರದ ಐನೂರು ರೂಪಾಯಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಕೈಗಡ ತಂದವನು ತಾನು ವರ್ಷಕ್ಕೆ ಎರಡು ಸಾವಿರದ ನಾನೂರು ಮೂಲಾಂಶಗಳ ಬಡ್ಡಿ ತೆರುತ್ತಿದ್ದೇನೆಂದು ತಿಳಿದಾಗ, ಮೂಲಾಂಶವು ಎಷ್ಟು ಸಣ್ಣದೆಂಬುದೂ ತನ್ನ ಬಡ್ಡಿ ಎಷ್ಟು ದೊಡ್ಡದೆಂಬುದೂ ಏಕಕಾಲಕ್ಕೆ ಮನದಟ್ಟಾಗುತ್ತದೆ. ಹಾಗೆಯೇ ಟ್ರಿಲಿಯನ್ ಎಂದರೆ ಲಕ್ಷ ಕೋಟಿ ಎಂದು ಒಮ್ಮೆ ಹೇಳಿದರೆ ಸಾಕು. ಆದರೆ ದರವು ನಾಲ್ಕರಿಂದ ಐದಕ್ಕೆ ಏರಿದಾಗ ಅದನ್ನು ‘ಶೇಕಡಾ ಒಂದರಷ್ಟು ಏರಿಕೆ’ ಎಂದು ಬರೆಯುವ ನಮ್ಮ ರೂಢಿಯು ಮಾತ್ರ ಸಾಧುವಲ್ಲ; ಏರಿದುದು ಒಂದು ಶೇಕಡಾ ಅಂಶ, ನಾಲ್ಕರ ಲೆಕ್ಕದಲ್ಲಿ ನೋಡಿದರೆ ಅದು ಕಾಲುಭಾಗದಷ್ಟು ಹೆಚ್ಚಳ.

ಇನ್ನು ರೆಪೋ. ಈ ಎರಡಕ್ಷರದ ಪದವು ಎಷ್ಟೋ ಮಂದಿಯನ್ನು ಹೆದರಿಸಿದೆ. ಕತ್ತಿನ ಸರವನ್ನು ಗಿರವಿ ಅಂಗಡಿಯಲ್ಲಿಟ್ಟು ಹಣ ತಂದು, ಗೊತ್ತಾದ ದಿನ ಬಡ್ಡಿಸಹಿತ ತೆತ್ತು ಸರವನ್ನು ಬಿಡಿಸಿಕೊಂಡು ಬಂದವರಿಗೆ ಇದು ಹೊಸ ವಿದ್ಯೆಯಲ್ಲ. ಇಲ್ಲಿ ಸರದ ಬದಲು ಸರ್ಕಾರದ ಸಾಲಪತ್ರ, ಗೃಹಿಣಿಯ ಬದಲು ಬ್ಯಾಂಕು, ಗಿರವಿ ಅಂಗಡಿಯ ಬದಲು ರಿಸರ್ವ್ ಬ್ಯಾಂಕು. ಕಾಗದದ ಮೇಲೆ ಅದು ಒತ್ತೆಯಲ್ಲ, ಮಾರಾಟ. ನಾಳೆ ಇಂತಿಷ್ಟು ಹೆಚ್ಚು ಕೊಟ್ಟು ನಾನೇ ಮರಳಿ ಕೊಳ್ಳುತ್ತೇನೆಂಬ ಕರಾರಿನ ಮಾರಾಟ. ಆ ‘ಹೆಚ್ಚು’ ಎಷ್ಟೆಂಬುದೇ ರೆಪೋ ದರ. ಅದನ್ನು ಏರಿಸಬೇಕೆನ್ನುವವನು ಗಿಡುಗ, ಇಳಿಸಬೇಕೆನ್ನುವವನು ಪಾರಿವಾಳ. ಹೆಸರನ್ನು ಕೇಳಿದರೆ ಗಿಡುಗವು ಕ್ರೂರವೆಂದೂ ಪಾರಿವಾಳವು ಸಾಧುವೆಂದೂ ತೋರುತ್ತದೆ. ಆದರೆ ಬಡ್ಡಿಯನ್ನು ನಂಬಿ ಬದುಕುವ ನನ್ನ ನೆರೆಯವರ ಪಾಲಿಗೆ ಗಿಡುಗವೇ ಅನ್ನದಾತ, ಅವರ ಅನ್ನವನ್ನು ಹೆಕ್ಕಿಕೊಂಡು ಹೋಗುವುದು ಪಾರಿವಾಳ.

ಕನ್ನಡದ ಪದವಿದ್ದ ಮಾತ್ರಕ್ಕೆ ತಿಳಿವಳಿಕೆ ತಾನಾಗಿ ಬರುತ್ತದೆಂದೂ ಎಣಿಸಬಾರದು. ಹಣದುಬ್ಬರವೆಂಬುದು ಸೊಗಸಾದ ಪದ; ಆದರೆ ಕಡಲಿನ ಉಬ್ಬರವನ್ನು ಕಂಡ ನಮಗೆ, ಉಬ್ಬರವಾದ ಮೇಲೆ ಇಳಿತವಾಗಿ ನೀರು ಹಿಂದಿನ ಮಟ್ಟಕ್ಕೆ ಸರಿಯುವುದೆಂಬ ನಿರೀಕ್ಷೆಯೂ ಆ ಪದದ ಸಂಗಡವೇ ಬರುತ್ತದೆ. ‘ಹಣದುಬ್ಬರ ಇಳಿಕೆ’ ಎಂಬ ಶೀರ್ಷಿಕೆಯನ್ನು ಓದಿ ಅಂಗಡಿಗೆ ಹೋದವನು, ಎಣ್ಣೆಯ ಬೆಲೆ ಇಳಿಯದಿರುವುದನ್ನು ಕಂಡು ಪತ್ರಿಕೆಯು ಸುಳ್ಳಾಡಿತೆಂದು ಬೈಯುತ್ತಾನೆ. ಪತ್ರಿಕೆ ಸುಳ್ಳಾಡಲಿಲ್ಲ. ಚಾರ್ಮಾಡಿಯ ಘಾಟಿಯನ್ನು ಹತ್ತುತ್ತಿರುವ ಬಸ್ಸು ತಿರುವಿನಲ್ಲಿ ವೇಗವನ್ನು ತಗ್ಗಿಸಿದರೆ ಅದು ಘಟ್ಟವನ್ನು ಇಳಿಯುತ್ತಿದೆಯೆಂದು ಅರ್ಥವಲ್ಲ. ಮೆಲ್ಲಗೆ ಹತ್ತುತ್ತಿದೆಯೆಂದಷ್ಟೆ ಅರ್ಥ. ಇಳಿದುದು ಬೆಲೆಯಲ್ಲ, ಬೆಲೆಯೇರಿಕೆಯ ವೇಗ.

ಮೃಗಪಕ್ಷಿಗಳ ವಿಚಾರಕ್ಕೆ ಬಂದರೆ ಈ ಭಾಷೆಯು ಒಂದು ಪಂಚತಂತ್ರವೇ ಸರಿ. ಪೇಟೆ ಏರುವುದೆಂದು ಕೊಳ್ಳುವವನು ಗೂಳಿ, ಬೀಳುವುದೆಂದು ಮಾರುವವನು ಕರಡಿ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಿದವನ ಗಾದೆಯಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ; ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಮಾತನ್ನು ಬಲ್ಲ ನಮಗೆ, ಕೈಯಲ್ಲಿಲ್ಲದ ಸರಕನ್ನು ಮಾರುವವನ ಗುಣವನ್ನು ಬೇರೆ ವಿವರಿಸಬೇಕಾಗಿಲ್ಲ. ಗೂಳಿಯ ಮಾತು ಹಾಗಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದು, ಹೊಲಕ್ಕೆ ನುಗ್ಗಿ ಕಡಲೆಕಾಯಿಯ ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಸಮಾಧಾನಗೊಳಿಸಲು ರೈತರು ಮೊದಲ ಫಸಲನ್ನು ಒಪ್ಪಿಸಿದರೆಂಬ ಪ್ರತೀತಿಯಿಂದ. ಮುಂಬಯಿಯ ದಲಾಲ್ ಬೀದಿಯಲ್ಲಿ ಷೇರುಪೇಟೆಯ ಮುಂದೆ ನಿಂತಿರುವ ಕಂಚಿನ ಗೂಳಿಯು ಸಂಪತ್ತಿನ ಸಂಕೇತ. ನಮ್ಮ ಗೂಳಿಯು ಬೆಳೆದವನ ಬೆಳೆಯನ್ನು ಮೇದುದು. ಷೇರುಪೇಟೆಯಲ್ಲಿ ಕೈಸುಟ್ಟುಕೊಂಡವರನ್ನು ಕೇಳಿದರೆ ಯಾವ ಗೂಳಿ ಹೆಚ್ಚು ನಿಜವೆಂಬುದನ್ನು ಅವರು ಹೇಳಿಯಾರು.

2024ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಹಣದುಬ್ಬರವನ್ನು ಕೋಣೆಯೊಳಗಣ ಆನೆಗೆ ಹೋಲಿಸಿ, ಅದು ಈಗ ಹೊರಗೆ ಅಡ್ಡಾಡಲು ಹೋಗಿ ಕಾಡಿನತ್ತ ಮರಳುತ್ತಿರುವಂತೆ ಕಾಣುತ್ತದೆಂಬ ಅರ್ಥದ ಮಾತನ್ನಾಡಿದರು. ಕೋಣೆಯೊಳಗಣ ಆನೆಯೆಂಬುದು ಎಲ್ಲರ ಕಣ್ಣಿಗೆ ಬೀಳುತ್ತಿದ್ದರೂ ಯಾರೂ ಬಾಯಿಬಿಡದ ಸಂಗತಿಗೆ ಇಂಗ್ಲಿಷಿನವರು ಹೇಳುವ ನುಡಿಗಟ್ಟು. ಆನೆಯನ್ನು ಮೃಗಾಲಯದಲ್ಲಿ ಮಾತ್ರ ಕಂಡವರು ಕಟ್ಟಿದ್ದು. ಸಕಲೇಶಪುರದ ಕಡೆಯ ಕಾಫಿ ಬೆಳೆಗಾರನು ಆ ಮಾತನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದನು. ಕಾಡಿಗೆ ಹೋದ ಆನೆ ಭತ್ತ ಹಾಲುಗಟ್ಟುವ ಕಾಲಕ್ಕೆ ಮತ್ತೆ ಬರುವುದೆಂಬುದು ಅವನಿಗೆ ಗೊತ್ತು. ಬಂದೇಬಂದಿತು: ಅದೇ ವರ್ಷದ ಅಕ್ಟೋಬರಿನಲ್ಲಿ ಚಿಲ್ಲರೆ ಹಣದುಬ್ಬರವು ಶೇಕಡಾ 6.21ಕ್ಕೆ ಏರಿ, ಕಾನೂನು ವಿಧಿಸಿದ ಆರರ ಮೇಲ್ಮಿತಿಯನ್ನು ದಾಟಿತು. ಆ ಅಂಕಿ ಹೊರಬೀಳುವುದಕ್ಕೆ ಮುಂಚೆಯೇ ಗವರ್ನರರ ಹೋಲಿಕೆಯಲ್ಲಿ ಆನೆ ಹೋಗಿ ಕುದುರೆ ಬಂದಿದ್ದಿತು. ಲಾಯಕ್ಕೆ ತಂದು ಕಟ್ಟಿದ ಕುದುರೆ, ಬಾಗಿಲು ತೆರೆಯುವಾಗ ಎಚ್ಚರವಿರಬೇಕೆಂಬ ಮಾತು. ಇಂತಹ ಉಪಮೆಗಳನ್ನು ನಾನು ಹಳಿಯುವುದಿಲ್ಲ. ಶ್ರೋತೃವಿನ ಮನಸ್ಸಿನಲ್ಲಿ ಚಿತ್ರವನ್ನು ಮೂಡಿಸಿ ಎಚ್ಚರವನ್ನು ಹೇಳುವ ಮಾತು ಪ್ರಾಮಾಣಿಕವಾದ ಮಾತೇ.

ನನ್ನ ಆಕ್ಷೇಪಣೆ ಇರುವುದು ಚಿತ್ರವನ್ನು ಮೂಡಿಸುವ ಬದಲು ಕರ್ತೃವನ್ನು ಮರೆಮಾಡುವ ಪದಗಳ ಮೇಲೆ. ಕಂಪೆನಿಯೊಂದರ ಲಾಭ ಕುಸಿದಾಗ ಅದರ ಆಡಳಿತವರ್ಗವು ‘ಎದುರುಗಾಳಿ’ ಬೀಸಿತೆನ್ನುತ್ತದೆ; ಗಾಳಿಗೆ ಸಮನ್ಸು ಜಾರಿಮಾಡುವ ನ್ಯಾಯಾಲಯವನ್ನು ಯಾರೂ ಕಂಡಿಲ್ಲ. ಷೇರುಗಳು ಬಿದ್ದಾಗ ವ್ಯಾಖ್ಯಾನಕಾರರು ಅದನ್ನು ಕರೆಕ್ಷನ್ ಎನ್ನುತ್ತಾರೆ, ಎಂದರೆ ತಿದ್ದುಪಡಿ. ಈಗ ಆದುದು ತಿದ್ದುಪಡಿಯಾದರೆ ಮೊದಲು ಏರಿದುದು ತಪ್ಪಾಗಿತ್ತಲ್ಲವೆ, ಆ ತಪ್ಪನ್ನು ಬೆಳವಣಿಗೆಯೆಂದು ಹಾಡಿ ಹೊಗಳಿದವರು ಯಾರು ಎಂದು ಕೇಳುವವರಿಲ್ಲ. ಉತ್ಪನ್ನವು ಕುಗ್ಗಿದರೆ ಅದು ‘ಋಣಾತ್ಮಕ ಬೆಳವಣಿಗೆ’ಯಂತೆ, ನಮ್ಮ ಬಾವಿಯ ನೀರು ಬತ್ತಿದಾಗ ಅದು ಋಣಾತ್ಮಕವಾಗಿ ತುಂಬಿತೆಂದು ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು ಆ ಕ್ಷೌರ. ದೊಡ್ಡ ಉದ್ಯಮವು ಸಾಲವನ್ನು ತೀರಿಸಲಾರದೆ ದಿವಾಳಿಯೆದ್ದು, ಇನ್ನೊಬ್ಬನು ಅದನ್ನು ಕೊಂಡುಕೊಳ್ಳುವಾಗ, ಸಾಲ ಕೊಟ್ಟ ಬ್ಯಾಂಕುಗಳು ಬಿಟ್ಟುಕೊಡಬೇಕಾಗುವ ಮೊತ್ತಕ್ಕೆ ಹೇರ್‌ಕಟ್ ಎಂಬ ಹೆಸರು. 2016ರ ದಿವಾಳಿ ಸಂಹಿತೆಯಡಿಯಲ್ಲಿ ಕೆಲವು ಪ್ರಕರಣಗಳಲ್ಲಿ ಈ ನಷ್ಟವು ನೂರಕ್ಕೆ ತೊಂಬತ್ತೈದರವರೆಗೂ ಹೋಗಿರುವುದನ್ನು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯು 2021ರಲ್ಲಿ ಎತ್ತಿ ತೋರಿಸಿತು. ನೂರರಲ್ಲಿ ತೊಂಬತ್ತೈದು ಕೂದಲು ಹೋದ ಮೇಲೆ ಅದನ್ನು ಕ್ಷೌರವೆನ್ನುವುದು ನಾಪಿತ ವೃತ್ತಿಗೇ ಅವಮಾನ. ಇಂಗ್ಲಿಷಿನ ಈ ಪದದಲ್ಲಿ ನೋವಿಲ್ಲ, ರಕ್ತವಿಲ್ಲ. ತಿಂಗಳು ಕಳೆದರೆ ಮತ್ತೆ ಬೆಳೆಯುತ್ತದೆಂಬ ಆಶ್ವಾಸನೆಯೂ ಉಂಟು. ನಮ್ಮ ಜನ ಇದಕ್ಕೇನೆನ್ನುತ್ತಾರೆ? ಸಾಲಗಾರ ‘ಕೈಯೆತ್ತಿದ’ ಎನ್ನುತ್ತಾರೆ. ಕೊಟ್ಟವನಿಗೆ ‘ನಾಮ ಹಾಕಿದ’ ಎನ್ನುತ್ತಾರೆ. ಇನ್ನೂ ರೇಗಿದರೆ ‘ತಲೆ ಬೋಳಿಸಿದ’ ಎನ್ನುತ್ತಾರೆ. ವಿಚಿತ್ರವೆಂದರೆ ಎರಡು ಭಾಷೆಗಳೂ ಕತ್ತಿಯನ್ನು ತಲೆಗೂದಲಿನ ಮೇಲೆಯೇ ಆಡಿಸಿವೆ. ಆದರೆ ಇಂಗ್ಲಿಷಿನಲ್ಲಿ ಬ್ಯಾಂಕು ಕ್ಷೌರಿಕನ ಕುರ್ಚಿಯ ಮೇಲೆ ತಾನಾಗಿ ಹೋಗಿ ಕುಳಿತುಕೊಳ್ಳುತ್ತದೆ, ಕನ್ನಡದಲ್ಲಿ ಬೋಳಿಸಿದವನೊಬ್ಬನು ಎದುರಿಗೆ ನಿಂತಿರುತ್ತಾನೆ. ಎಲ್ಲ ಸಾಲಗಾರರೂ ವಂಚಕರಲ್ಲ, ಸೋತ ವ್ಯಾಪಾರವೆಲ್ಲ ಮೋಸವಲ್ಲ ಎಂಬುದನ್ನು ಒಪ್ಪಿಯೂ ಹೇಳುತ್ತೇನೆ: ಕರ್ತೃಪದವಿಲ್ಲದ ವಾಕ್ಯವನ್ನು ಕಂಡಲ್ಲಿ ಕರ್ತೃವನ್ನು ಹುಡುಕಬೇಕಾದುದು ವ್ಯಾಕರಣದ ಮೊದಲ ಪಾಠ, ಅದು ಅರ್ಥಶಾಸ್ತ್ರದ ಮೊದಲ ಪಾಠವೂ ಹೌದು.

ಮತ್ತೊಂದು ಪದವುಂಟು, ಕೋರ್ ಇನ್‌ಫ್ಲೇಷನ್. ತಿರುಳಿನ ಹಣದುಬ್ಬರವೆಂದು ಅದನ್ನು ಹೇಳಬಹುದು. ಅದನ್ನು ಲೆಕ್ಕಹಾಕುವಾಗ ಆಹಾರವನ್ನೂ ಇಂಧನವನ್ನೂ ತೆಗೆದುಹಾಕುತ್ತಾರೆ. 2012ನ್ನು ಆಧಾರವರ್ಷವಾಗಿಟ್ಟುಕೊಂಡ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕವೇ ಶೇಕಡಾ 45.86ರಷ್ಟಿದ್ದಿತೆಂಬುದನ್ನು ನೆನೆದರೆ, ಅನ್ನವೂ ಒಲೆಯೂ ಸಿಪ್ಪೆಯಾಗಿ ಉಳಿದುದು ತಿರುಳಾಗುವ ಈ ಕ್ರಮವು ಅಡುಗೆಮನೆಯವರಿಗೆ ಹಾಸ್ಯಾಸ್ಪದವಾಗಿ ತೋರುವುದು ಸಹಜ. ಆದರೆ ಇದಕ್ಕೊಂದು ಕಾರಣವಿದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಟೊಮೆಟೊದ ಪೆಟ್ಟಿಗೆ ಎರಡು ಸಾವಿರ ರೂಪಾಯಿಯನ್ನು ದಾಟಿತು. ದೇಶದ ಚಿಲ್ಲರೆ ಹಣದುಬ್ಬರವು ಆ ತಿಂಗಳು ಶೇಕಡಾ 7.44ಕ್ಕೆ ಮುಟ್ಟಿತು. ರೆಪೋ ದರವನ್ನು ಎಷ್ಟು ಏರಿಸಿದರೂ ಗಿಡದಲ್ಲಿ ಒಂದು ಕಾಯಿ ಹೆಚ್ಚಾಗುತ್ತಿರಲಿಲ್ಲ. ಮಳೆಯಿಂದಾದ ಏರಿಕೆಯನ್ನು ಬೇರೆಯಿಟ್ಟು, ಹಣದಿಂದಾದ ಏರಿಕೆಯನ್ನು ನೋಡಬೇಕೆಂಬುದು ಆ ಪದದ ಉದ್ದೇಶ. ಇದೂ ಮೂರನೆಯ ಅಂಕಣದಲ್ಲಿ ಸೇರಬೇಕಾದದ್ದೇ. ಅದರ ಪಕ್ಕದಲ್ಲಿ, ಪಟ್ಟಣದವನು ಬೆಲೆಯೇರಿಕೆಯೆಂದು ಗೋಳಾಡಿದ ಆ ತಿಂಗಳನ್ನು ಕೋಲಾರದ ರೈತನು ಬಹುಕಾಲಕ್ಕೊಮ್ಮೆ ಬಂದ ಸುಗ್ಗಿಯೆಂದು ಕರೆದನೆಂಬುದೂ ಸೇರಬೇಕು.

ಇಂಗ್ಲಿಷ್ ಪದಗಳೇ ಕಪಟ, ಕನ್ನಡ ಪದಗಳೇ ಸರಳವೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ರೈಟ್ ಆಫ್ ಎಂಬ ಬ್ಯಾಂಕಿನ ಪದವನ್ನು ನಾವು ಸಾಲಮನ್ನಾ ಎಂದು ಬರೆದು ಎಷ್ಟು ಜಗಳಗಳಿಗೆ ಕಾರಣರಾಗಿದ್ದೇವೆ! ಮನ್ನಾ ಎಂದರೆ ಕ್ಷಮೆ. ಸಾಲ ಅಲ್ಲಿಗೆ ಮುಗಿಯಿತು. ರೈಟ್ ಆಫ್ ಎಂದರೆ, ಬರುವ ಭರವಸೆಯಿಲ್ಲದ ಸಾಲವನ್ನು ಬ್ಯಾಂಕು ತನ್ನ ಆಸ್ತಿಯ ಪಟ್ಟಿಯಿಂದ ಹೊಡೆದುಹಾಕುವುದು. ವಸೂಲಿಯ ಹಕ್ಕು ಹಾಗೆಯೇ ಇರುತ್ತದೆ, ಮೊಕದ್ದಮೆ ನಡೆಯುತ್ತಿರುತ್ತದೆ. ವಸೂಲಿ ಎಷ್ಟಾಯಿತೆಂದು ಕೇಳುವ ಅಧಿಕಾರ ನಮಗುಂಟು, ಕೇಳಲೂಬೇಕು. ಆದರೆ ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕೇಳಬೇಕಾದ ಪ್ರಶ್ನೆಯೇ ತಪ್ಪಿಹೋಗುತ್ತದೆ. ಅಜಾಗರೂಕತೆಯು ಯಾವ ಭಾಷೆಯ ಸ್ವತ್ತೂ ಅಲ್ಲ.

ಆದುದರಿಂದ ಈ ವಿಷಯದಲ್ಲಿ ಕರ್ತವ್ಯವು ಇಬ್ಬರಿಗೂ ಉಂಟು. ಬರೆಯುವವರು, ಪತ್ರಿಕೆಯವರಾಗಲಿ ಅಧ್ಯಾಪಕರಾಗಲಿ, ಇಂಗ್ಲಿಷಿನ ಆರ್ಥಿಕ ಪದವೊಂದನ್ನು ತಂದಾಗ ಅದಕ್ಕೆ ಸಂಸ್ಕೃತದ ಪ್ರತಿಪದವನ್ನು ಟಂಕಿಸಿ ಕೈತೊಳೆದುಕೊಳ್ಳದೆ, ರೂಪಾಯಿಯ ಲೆಕ್ಕದಲ್ಲಿ ಒಂದು ವಾಕ್ಯವನ್ನು ಅದರ ಪಕ್ಕದಲ್ಲಿಡಬೇಕು. ಲಿಕ್ವಿಡಿಟಿಗೆ ದ್ರವ್ಯತೆಯೆಂದು ಬರೆದರೆ ತಪ್ಪಿಲ್ಲ. ಆದರೆ ‘ಕೈಯಲ್ಲಿ ಕಾಸು ಓಡಾಡುತ್ತಿಲ್ಲ’ ಎಂದು ದಿನಬೆಳಗಾದರೆ ಹೇಳುವ ಜನರ ಭಾಷೆಯಲ್ಲಿ ಆ ವಿಷಯವು ಮೊದಲೇ ಮನೆಮಾಡಿಕೊಂಡಿದೆಯೆಂಬುದನ್ನು ಮರೆಯಬಾರದು. ಓದುವವರು, ಅರ್ಥವಾಗದ ಪದವನ್ನು ಕಂಡಾಗ ತಮ್ಮ ವಿದ್ಯೆ ಸಾಲದೆಂದು ನಾಚಿ ಪುಟ ತಿರುಗಿಸದೆ, ಕೊಟ್ಟವರಾರು ಕೊಂಡವರಾರು ಎಂದು ಹಟಹಿಡಿದು ಕೇಳಬೇಕು. ಹಾಗೆ ಕೇಳಿದಾಗ ಉತ್ತರವಿಲ್ಲದ ಪದವು ಸಿಕ್ಕಿದರೆ, ದೋಷವಿರುವುದು ಓದುವವನಲ್ಲಲ್ಲ.

ಕೆಲವು ವಾರಗಳ ತರುವಾಯ ನನ್ನ ನೆರೆಯವರು ಮತ್ತೆ ಬಂದರು. ಪುಸ್ತಕದಲ್ಲಿ ಎರಡನೆಯ ಗೆರೆ ಬಿದ್ದಿತ್ತು. 2025ರ ಫೆಬ್ರುವರಿಯಿಂದ ಡಿಸೆಂಬರಿನೊಳಗೆ ರೆಪೋ ದರವು ನಾಲ್ಕು ಸಲ ಇಳಿದು 6.50ರಿಂದ 5.25ಕ್ಕೆ ಬಂದುದನ್ನು ಅವರು ತಾರೀಖಿನೊಡನೆ ಬರೆದುಕೊಂಡಿದ್ದರು. ಅದರ ಮುಂದೆ ಮೂರನೆಯ ಅಂಕಣದಲ್ಲಿ, ಸಂಘದ ಕಿರ್ದಿಯಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರಗಳಲ್ಲಿ, ಎರಡು ಸಾಲುಗಳಿದ್ದವು: ‘ಮಗನ ಮನೆಸಾಲ, ಜಮಾ. ನನ್ನ ಠೇವಣಿ, ಖರ್ಚು.’ ಕೆಳಗೆ ಮೊತ್ತವನ್ನು ಕೂಡಿಸಿರಲಿಲ್ಲ.

“ತಾಳೆಯಾಯಿತೆ ರಾಯರೆ?” ಎಂದೆ.

“ಆಗಲಿಲ್ಲ ಸ್ವಾಮಿ. ಇಬ್ಬರದೂ ಒಂದೇ ಮನೆ, ಆದರೆ ಖಾತೆ ಬೇರೆ ಬೇರೆ” ಎಂದು ಪುಸ್ತಕವನ್ನು ಮುಚ್ಚಿದರು.